ಜವಾಬು ಕೇಳುವ ವಯಸ್ಸಿಗೆ ಬಂದವರಿಗೆ

(ಈ ವರ್ಷ ಹದಿನೆಂಟು ತುಂಬಿ, ಮೊದಲ ಸಲ ಮತದಾರರ ಪಟ್ಟಿಗೆ ಹೆಸರು ಸೇರಿಸುತ್ತಿರುವ ನಮ್ಮ ತಾಲ್ಲೂಕಿನ ಹುಡುಗ ಹುಡುಗಿಯರಿಗೆ ಒಂದು ಬಹಿರಂಗ ಪತ್ರ)

ಪ್ರೀತಿಯ ಮಕ್ಕಳೇ,

ನಿಮ್ಮಲ್ಲಿ ಕೆಲವರು ನನ್ನ ತರಗತಿಯಲ್ಲಿ ಕೂತವರು. ಇನ್ನು ಕೆಲವರ ಅಪ್ಪ ಅಮ್ಮಂದಿರೇ ನನ್ನ ವಿದ್ಯಾರ್ಥಿಗಳು. ಮದ್ದೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ 31 ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಸಂವಿಧಾನ, ಮೂಲಭೂತ ಹಕ್ಕು, ಕರ್ತವ್ಯ, ಪಂಚಾಯತ್ ರಾಜ್, ಈ ಪಾಠಗಳನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಆದರೂ ಈಚೆಗೆ ಒಂದು ಸಂಜೆ ಒಬ್ಬ ಹುಡುಗ ಕೇಳಿದ ಪ್ರಶ್ನೆಗೆ ನನ್ನಿಂದ ನೆಟ್ಟಗೆ ಉತ್ತರ ಕೊಡಲಾಗಲಿಲ್ಲ.

ಅವನು ಮತದಾರರ ಪಟ್ಟಿಗೆ ಹೆಸರು ಸೇರಿಸುವ ನಮೂನೆ 6 ತುಂಬಿಸಿಕೊಳ್ಳಲು ಮನೆಗೆ ಬಂದಿದ್ದ. ಹುಟ್ಟಿದ ತಾರೀಖು, ಮನೆ ನಂಬರು, ಅಪ್ಪನ ಹೆಸರು ಎಲ್ಲ ಬರೆದಾಯಿತು. ಸಹಿ ಹಾಕುವ ಮುಂಚೆ ಪೆನ್ನು ಕೆಳಗಿಟ್ಟು ಕೇಳಿದ: “ಮಿಸ್, ನನ್ನ ಒಂದು ಓಟಿಂದ ಏನಾಗುತ್ತೆ? ದೇಶ ನಡೆಸೋರು ಎಲ್ಲೋ ಇದ್ದಾರೆ. ನಾವು ಆಗಸ್ಟ್ ಹದಿನೈದಕ್ಕೆ ಬಾವುಟಕ್ಕೆ ಸೆಲ್ಯೂಟ್ ಹೊಡೀತೀವಿ. ಅಷ್ಟು ಸಾಲ್ದಾ?”

“ಹಾಗೆಲ್ಲ ಮಾತಾಡಬಾರದು, ಸಹಿ ಹಾಕು” ಅಂದೆ. ಹಾಕಿ ಹೋದ. ಅವನು ಗೇಟು ದಾಟಿದ ಮೇಲೆ ನನಗೆ ಕಸಿವಿಸಿಯಾಯಿತು. ಹುಡುಗ ಕೇಳಿದ್ದು ಪ್ರಾಮಾಣಿಕ ಪ್ರಶ್ನೆ. ನಾನು ಉತ್ತರ ಕೊಡದೆ ಅವನ ಬಾಯಿ ಮುಚ್ಚಿಸಿದ್ದೆ. ಅದೇ ಪ್ರಶ್ನೆ ನಿಮ್ಮಲ್ಲಿ ಬಹಳ ಜನರ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಆ ದಿನ ಕೊಡಬೇಕಾಗಿದ್ದ ಜವಾಬನ್ನು ಈಗ ನಿಮ್ಮೆಲ್ಲರ ಎದುರಿಗೆ ಕೊಡುತ್ತಿದ್ದೇನೆ.

ಸೆಲ್ಯೂಟ್ ಹೊಡೆಯುವ ಆ ಬಾವುಟದಿಂದಲೇ ಶುರು ಮಾಡೋಣ.

ನಮ್ಮ ಮದ್ದೂರಿಗೆ ಅಂಟಿಕೊಂಡಿರುವ ಶಿವಪುರದಲ್ಲಿ ಸತ್ಯಾಗ್ರಹ ಸೌಧ ಇದೆ. ನಿಮ್ಮಲ್ಲಿ ಎಷ್ಟೋ ಜನ ಕಾಲೇಜಿಗೆ ಹೋಗಿಬರುವಾಗ ಅದನ್ನು ನೋಡಿದ್ದೀರಿ. ಒಳಗೆ ಹೋದವರು ಕಡಿಮೆ. 1938ರ ಏಪ್ರಿಲ್‌ನಲ್ಲಿ ಅಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆಯಿತು. ತ್ರಿವರ್ಣ ಧ್ವಜ ಹಾರಿಸಕೂಡದು ಎಂದು ಮೈಸೂರು ಸರ್ಕಾರ ಆಜ್ಞೆ ಹೊರಡಿಸಿತ್ತು. ಅಧ್ಯಕ್ಷರಾಗಿದ್ದ ಟಿ. ಸಿದ್ಧಲಿಂಗಯ್ಯನವರು ಬಾವುಟ ಹಾರಿಸಲು ಹೋಗಿ ಬಂಧನಕ್ಕೊಳಗಾದರು. ಅವರ ಹಿಂದೆ ಇನ್ನೊಬ್ಬರು, ಇನ್ನೊಬ್ಬರ ಹಿಂದೆ ಮತ್ತೊಬ್ಬರು ಜೈಲಿಗೆ ಹೋದರು. ಅದೇ ತಿಂಗಳ 25ರಂದು ಗೌರಿಬಿದನೂರು ಹತ್ತಿರದ ವಿದುರಾಶ್ವತ್ಥದಲ್ಲಿ ಬಾವುಟಕ್ಕಾಗಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಲೆಕ್ಕ ಸರ್ಕಾರದ ಕಡತದಲ್ಲಿ ಒಂದು, ಜನರ ನೆನಪಿನಲ್ಲಿ ಇನ್ನೊಂದು. ದೇಶವೆಲ್ಲ ಬೆಚ್ಚಿಬಿತ್ತು. ಸರ್ದಾರ್ ಪಟೇಲರು ಮೈಸೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಜೊತೆ ಮಾತಾಡಿದ ಮೇಲೆ ಬಾವುಟ ಹಾರಿಸುವುದಕ್ಕೆ ಒಪ್ಪಿಗೆ ಸಿಕ್ಕಿತು.

ಆ ಜನ ಒಂದು ಬಟ್ಟೆಗಾಗಿ ಅಷ್ಟೊಂದು ಕಷ್ಟಪಟ್ಟರೇ? ಬಾವುಟದ ಹಿಂದೆ ಅವರದೊಂದು ಬೇಡಿಕೆ ಇತ್ತು. ಅದರ ಹೆಸರು ನಿಮ್ಮ ಪಠ್ಯಪುಸ್ತಕದಲ್ಲಿ ಬರುತ್ತದೆ, ಪರೀಕ್ಷೆಗೆ ಎರಡು ಅಂಕಕ್ಕೆ ಬರೆದಿದ್ದೀರಿ: ‘ಜವಾಬ್ದಾರಿ ಸರ್ಕಾರ’.

ಈ ಮಾತನ್ನು ನಾನೂ ಎಷ್ಟೋ ವರ್ಷ ಸುಮ್ಮನೆ ಬಾಯಿಪಾಠ ಮಾಡಿಸಿದೆ. ಆಮೇಲೊಂದು ದಿನ ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದಾಗ ಸೀಮೆಸುಣ್ಣ ಅಲ್ಲೇ ನಿಂತಿತು. ಜವಾಬ್ದಾರಿ ಎನ್ನುವ ಮಾತಿನ ಒಳಗೆ ಜವಾಬು ಇದೆ! ಜವಾಬು ಕೊಡಬೇಕಾದವನು ಜವಾಬ್ದಾರ. ನಮ್ಮ ಹಿರಿಯರು ಕೇಳಿದ್ದು ತಮಗೆ ಜವಾಬು ಕೊಡುವ ಸರ್ಕಾರವನ್ನು. ಆಗಿನ ದಿವಾನರು ಜವಾಬು ಹೇಳುತ್ತಿದ್ದುದು ಮಹಾರಾಜರಿಗೆ. ಮೈಸೂರಿನಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತು, ಅದು ಆ ಕಾಲಕ್ಕೆ ದೊಡ್ಡ ಹೆಜ್ಜೆ, ನಿಜ. ಆದರೆ ಆ ಸಭೆಯಲ್ಲಿ ಜನ ಅಹವಾಲು ಹೇಳಿಕೊಳ್ಳಬಹುದಿತ್ತು, ಸರ್ಕಾರವನ್ನು ಇಳಿಸುವಂತಿರಲಿಲ್ಲ. ಬಿನ್ನಹಕ್ಕೂ ಪ್ರಶ್ನೆಗೂ ಬಹಳ ಅಂತರವಿದೆ ಮಕ್ಕಳೇ. ಬಿನ್ನಹ ಮಾಡುವವನು ಕೈಮುಗಿದು ನಿಂತಿರುತ್ತಾನೆ. ಪ್ರಶ್ನೆ ಕೇಳುವವನು ತನ್ನದೂ ಪಾಲಿದೆ ಎಂದು ನಿಂತಿರುತ್ತಾನೆ.

1947ರ ಆಗಸ್ಟ್ 15ಕ್ಕೆ ದೇಶಕ್ಕೆ ಸ್ವಾತಂತ್ರ್ಯ ಬಂತು. ನಮ್ಮ ಮೈಸೂರು ಸಂಸ್ಥಾನದ ಜನರಿಗೆ ಮಾತ್ರ ಆ ಜವಾಬ್ದಾರಿ ಸರ್ಕಾರ ಇನ್ನೂ ಬಂದಿರಲಿಲ್ಲ. ಸೆಪ್ಟೆಂಬರ್ 1ರಿಂದ ‘ಮೈಸೂರು ಚಲೋ’ ಚಳವಳಿ ಶುರುವಾಯಿತು. ರೈತರು, ಕಾರ್ಮಿಕರು, ವಕೀಲರು ಬೀದಿಗಿಳಿದರು. ಅವರೆಲ್ಲರ ಜೊತೆಗೆ ದೊಡ್ಡ ಸಂಖ್ಯೆಯಲ್ಲಿ ವಿದ್ಯಾರ್ಥಿಗಳಿದ್ದರು. ಮೈಸೂರು ನಗರದಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಮೈಸೂರಿನ ರಾಮಸ್ವಾಮಿ ವೃತ್ತದಲ್ಲಿ ನೀವು ಬಸ್ಸಿಗೆ ಕಾದಿರಬಹುದು, ಆ ಹೆಸರು ಅವನದು. ಕೊನೆಗೆ ಅಕ್ಟೋಬರ್ 25ರಂದು ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು.

ಯೋಚಿಸಿ ನೋಡಿ. ಸ್ವಾತಂತ್ರ್ಯ ಬಂದ ಮೇಲೆ ಸತ್ತ ಹುಡುಗ ಅವನು. ದೇಶ ಸ್ವತಂತ್ರವಾಗಿತ್ತು, ಕೆಂಪುಕೋಟೆಯ ಮೇಲೆ ಬಾವುಟ ಹಾರಿತ್ತು. ಅವನು ಸೆಲ್ಯೂಟ್ ಹೊಡೆದು ಮನೆಗೆ ಹೋಗಬಹುದಿತ್ತು. ಬಾವುಟ ಬಂದರಷ್ಟೇ ಸಾಲದು, ಜವಾಬು ಕೊಡುವ ಸರ್ಕಾರವೂ ಬರಬೇಕು ಎಂದು ಅವನಿಗೆ ಅನ್ನಿಸಿತ್ತು. ನಿಮ್ಮ ಸರೀಕನೇ. ಒಂದೇ ಒಂದು ಸಲವೂ ಓಟು ಹಾಕದೆ ಹೋದ. ‘ಅಷ್ಟು ಸಾಲ್ದಾ’ ಎಂಬ ಪ್ರಶ್ನೆಗೆ ನನ್ನ ಮೊದಲ ಜವಾಬು ಆ ಹುಡುಗ.

ಇನ್ನು ಓಟಿನ ಮಾತು. ನೀವು ತುಂಬಿದ ನಮೂನೆಯಲ್ಲಿ ಮೊದಲನೆಯದು ನಿಮ್ಮ ಹೆಸರು. ಅದು ಎಷ್ಟು ಬೆಲೆಯ ಸಂಗತಿ ಎಂದು ನನಗೆ ತಿಳಿದದ್ದು ನನ್ನ ಅಜ್ಜಿಯಿಂದ.

ಮೊದಲ ಮಹಾಚುನಾವಣೆ ನಡೆದದ್ದು 1951–52ರಲ್ಲಿ. ಸುಮಾರು 17 ಕೋಟಿ 30 ಲಕ್ಷ ಮತದಾರರು, ಅವರಲ್ಲಿ ಬಹುಪಾಲು ಜನ ಓದುಬರಹ ಬಾರದವರು. ಓದು ಬಾರದವರಿಗೆ ಅನುಕೂಲವಾಗಲೆಂದು ಒಬ್ಬೊಬ್ಬ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ ಇಟ್ಟಿದ್ದರು. ಆಸ್ತಿ ಎಷ್ಟಿದೆ, ಜಾತಿ ಯಾವುದು, ಗಂಡೋ ಹೆಣ್ಣೋ ಎಂದು ನೋಡದೆ ಇಪ್ಪತ್ತೊಂದು ತುಂಬಿದ ಪ್ರತಿಯೊಬ್ಬರಿಗೂ ಒಂದೇ ಓಟು. ಆಗ ಮುಖ್ಯ ಚುನಾವಣಾ ಆಯುಕ್ತರಾಗಿದ್ದವರು ಸುಕುಮಾರ್ ಸೆನ್. ಪಟ್ಟಿ ತಯಾರಿಸುವಾಗ ಅವರಿಗೊಂದು ವಿಚಿತ್ರ ತೊಡಕು ಎದುರಾಯಿತು. ಲಕ್ಷಾಂತರ ಹೆಂಗಸರು ತಮ್ಮ ಹೆಸರನ್ನೇ ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ಮಗಳು, ಇಂಥವನ ತಾಯಿ ಎಂದಷ್ಟೇ ಬರೆಸಿದ್ದರು. ಸ್ವಂತ ಹೆಸರಿಲ್ಲದೆ ಪಟ್ಟಿಗೆ ಸೇರಿಸುವುದಿಲ್ಲ ಎಂದು ಸೆನ್ ಗಟ್ಟಿಯಾಗಿ ನಿಂತರು. ಹೆಚ್ಚಾಗಿ ಉತ್ತರದ ರಾಜ್ಯಗಳಲ್ಲಿ, ಸುಮಾರು 28 ಲಕ್ಷ ಹೆಂಗಸರು ಆ ಸಲದ ಪಟ್ಟಿಯಿಂದ ಹೊರಗುಳಿದರು. ಮುಂದಿನ ಚುನಾವಣೆಯ ಹೊತ್ತಿಗೆ ಬಹಳಷ್ಟು ಹೆಸರು ಸೇರಿದವು.

ನಮ್ಮ ಹಳ್ಳಿಗಳಲ್ಲೂ ಆಗ ಹೆಂಗಸಿನ ಹೆಸರು ಹೊಸಿಲು ದಾಟುತ್ತಿರಲಿಲ್ಲ. ಪಟ್ಟಿ ಬರೆಯುವವರು ಬಂದಾಗ ನಮ್ಮ ತಾತ ಜಗಲಿಯ ಮೇಲೆ ಕೂತು ಎಲ್ಲರ ಪರವಾಗಿ ತಾನೇ ಹೇಳುತ್ತಿದ್ದರಂತೆ. “ಮನೆಯಾಕೆ ಒಬ್ಬಳು, ಬರ್ಕೊಳ್ಳಿ” ಅಂದರಂತೆ. ಬಾಗಿಲ ಮರೆಯಲ್ಲಿ ನಿಂತಿದ್ದ ಅಜ್ಜಿ ಒಳಗಿನಿಂದಲೇ ತನ್ನ ಹೆಸರನ್ನು ಜೋರಾಗಿ ಹೇಳಿದಳಂತೆ. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಅವಳ ಹೆಸರು ಅಷ್ಟು ಗಟ್ಟಿಯಾಗಿ ಕೇಳಿಸಿದ್ದು ಅದೇ ಮೊದಲು. ಅದೂ ಅವಳ ಬಾಯಿಂದಲೇ. ಸಾಯುವ ತನಕ ಈ ಕತೆಯನ್ನು ಮೊಮ್ಮಕ್ಕಳಿಗೆ ಹೇಳುತ್ತಿದ್ದಳು. ಗಾಂಧಿ, ನೆಹರೂ, ಸ್ವರಾಜ್ಯ ಯಾವುದೂ ಆ ಕತೆಯಲ್ಲಿ ಬರುತ್ತಿರಲಿಲ್ಲ. “ನನ್ನ ಹೆಸರು ಬರ್ಕೊಂಡ್ರು” ಎಂಬಲ್ಲಿಗೆ ಕತೆ ಮುಗಿಯುತ್ತಿತ್ತು. ಸ್ವಾತಂತ್ರ್ಯ ಅಂದರೆ ಅವಳಿಗೆ ಅದು.

ನೌಕರಿಗೆ ಸೇರಿದ ಮೇಲೆ ಚುನಾವಣಾ ಕೆಲಸಕ್ಕೆ ನನ್ನನ್ನೂ ಹಾಕುತ್ತಿದ್ದರು. ಹಿಂದಿನ ದಿನ ತಾಲ್ಲೂಕು ಕೇಂದ್ರದಲ್ಲಿ ಮಸ್ಟರಿಂಗ್, ಪೆಟ್ಟಿಗೆ ಪಟ್ಟಿಗಳನ್ನು ಹೊತ್ತು ಬಸ್ಸಿನಲ್ಲಿ ಯಾವುದೋ ಊರಿನ ಶಾಲೆಗೆ ಪ್ರಯಾಣ. ರಾತ್ರಿ ಬೆಂಚುಗಳನ್ನು ಜೋಡಿಸಿ ಅದರ ಮೇಲೆ ನಿದ್ದೆ. ಬೆಳಕು ಹರಿಯುವ ಮುಂಚೆ ಎದ್ದು, ಏಜೆಂಟರ ಎದುರಿಗೆ ಅಣಕು ಮತದಾನ. ನಾನು ಹೆಚ್ಚಾಗಿ ಮೊದಲನೇ ಪೋಲಿಂಗ್ ಆಫೀಸರ್. ಮತದಾರರ ಗುರುತು ನೋಡಿ, ಪಟ್ಟಿಯ ಕ್ರಮಸಂಖ್ಯೆ ಮತ್ತು ಹೆಸರನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದುವುದು ನನ್ನ ಕೆಲಸ.

ಒಂದು ಚುನಾವಣೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಒಬ್ಬ ಮುದುಕಿ ಬಂದಳು. ಬೆನ್ನು ಬಾಗಿತ್ತು, ಕೈಯಲ್ಲಿ ಕೋಲು, ಸೆರಗಿನ ತುದಿಯಲ್ಲಿ ಗುರುತಿನ ಚೀಟಿ ಗಂಟು ಹಾಕಿತ್ತು. ನಾನು ಅವಳ ಹೆಸರು ಓದಿದೆ. ಅವಳು ಮುಂದೆ ಹೋಗಲಿಲ್ಲ. “ಇನ್ನೊಂದ್ ಕಿತ ಓದವ್ವ” ಅಂದಳು. ಕೇಳಿಸಲಿಲ್ಲವೇನೋ ಎಂದು ಮತ್ತೆ ಓದಿದೆ. ಮುಖವೆಲ್ಲ ಅರಳಿತು. “ಊರಲ್ಲಿ ಎಲ್ಲಾ ಅಜ್ಜಿ ಅಂತಾರೆ. ನನ್ನ ಹೆಸರು ಹಿಡಿದು ಕೂಗೋದು ಇಲ್ಲಿ ಮಾತ್ರ” ಅಂದಳು. ಪಕ್ಕದ ಮೇಜಿಗೆ ಹೋಗಿ ಎಡಗೈ ತೋರುಬೆರಳನ್ನು ಚಾಚಿದಳು. ಕೆಲಸ ಮಾಡಿ ಮಾಡಿ ಬಿರುಕುಬಿಟ್ಟಿದ್ದ ಆ ಬೆರಳಿನ ಉಗುರಿನ ಮೇಲೆ ಶಾಯಿಯ ಗೆರೆ ಇಳಿಯಿತು. ಆರುವ ತನಕ ಬೆರಳನ್ನು ಯಾವುದಕ್ಕೂ ತಾಗಿಸದೆ ಎತ್ತಿ ಹಿಡಿದುಕೊಂಡೇ ಮರೆಯೊಳಗೆ ಹೋದಳು. ನನಗೆ ನನ್ನ ಅಜ್ಜಿ ಕಣ್ಣಮುಂದೆ ನಿಂತ ಹಾಗಾಯಿತು.

ಆ ಶಾಯಿ ನಮ್ಮ ಮೈಸೂರಿನದು, ಗೊತ್ತಲ್ಲ? ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಇವತ್ತಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಚುನಾವಣೆಯಿಂದ ದೇಶದ ಬೆರಳುಗಳ ಮೇಲೆ ಬೀಳುತ್ತಿರುವುದು ಅಲ್ಲಿ ತಯಾರಾದ ಶಾಯಿ. ಹೊರದೇಶಗಳಿಗೂ ಹೋಗುತ್ತದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬಿಸಿಲು ತಾಗಿದಾಗ ಕಪ್ಪಾಗಿ ಚರ್ಮಕ್ಕೂ ಉಗುರಿಗೂ ಕಚ್ಚಿಕೊಳ್ಳುತ್ತದೆ. ಎಷ್ಟು ತೊಳೆದರೂ ಹೋಗುವುದಿಲ್ಲ, ಉಗುರು ಬೆಳೆದು ಕತ್ತರಿಸುವ ತನಕ ಇರುತ್ತದೆ.

ನಿಮ್ಮ ವಯಸ್ಸಿಗೆ ನನಗೆ ಓಟು ಇರಲಿಲ್ಲ. ಇಪ್ಪತ್ತೊಂದು ತುಂಬುವ ತನಕ ಕಾದೆ. ಸಂವಿಧಾನಕ್ಕೆ 61ನೇ ತಿದ್ದುಪಡಿಯಾಗಿ ಮತದಾನದ ವಯಸ್ಸು ಹದಿನೆಂಟಕ್ಕೆ ಇಳಿದದ್ದು 1989ರಲ್ಲಿ. ಹದಿನೆಂಟರ ಹುಡುಗರಿಗೆ ತಿಳುವಳಿಕೆ ಇದೆ ಎಂದು ದೇಶ ನಿಮ್ಮ ಮೇಲೆ ನಂಬಿಕೆ ಇಟ್ಟಿದೆ. ಆದರೂ ‘ಒಂದು ಓಟಿಂದ ಏನಾಗುತ್ತೆ’ ಎಂದು ಕೇಳುವ ಹುಡುಗನನ್ನು ನಾನು ಸಂತೇಮರಹಳ್ಳಿಗೆ ಕರೆದೊಯ್ಯುತ್ತೇನೆ. ಚಾಮರಾಜನಗರ ಜಿಲ್ಲೆಯ ಆ ಕ್ಷೇತ್ರದಲ್ಲಿ 2004ರ ವಿಧಾನಸಭಾ ಚುನಾವಣೆಯಲ್ಲಿ ಗೆದ್ದವರಿಗೆ ಬಂದ ಮತ 40,752. ಸೋತವರಿಗೆ 40,751. ಆ ದಿನ ಮನೆಯಲ್ಲೇ ಉಳಿದವರು, ಬೆಂಗಳೂರಿನಿಂದ ಬರಲು ಸೋಮಾರಿತನ ಮಾಡಿದವರು, ‘ಎಲ್ಲರೂ ಒಂದೇ’ ಎಂದು ಹರಟೆಕಟ್ಟೆಯಲ್ಲಿ ಕೂತವರು ಎಷ್ಟು ಜನ ಇದ್ದರೋ! ಒಂದೇ ಓಟು ಶಾಸಕರು ಯಾರೆಂದು ತೀರ್ಮಾನಿಸಿತು.

ಆ ಓಟಿಗೆ ಬೆಲೆ ಕಟ್ಟಲು ಜನ ಬರುತ್ತಾರೆ. ನಿಮ್ಮ ಮನೆಗೂ ಬರುತ್ತಾರೆ. ರಾತ್ರಿ ಬಾಗಿಲು ತಟ್ಟುತ್ತಾರೆ, ಸೀರೆ, ಕುಕ್ಕರು, ಕವರಿನಲ್ಲಿ ನೋಟು. ಹಿರಿಯರು ‘ಅವರ ದುಡ್ಡೇನು ಅವರಪ್ಪನದಾ, ತಗೋ’ ಅನ್ನಬಹುದು. ನಾನು ನಿಮಗೆ ಪಾಪ ಪುಣ್ಯದ ಲೆಕ್ಕ ಹೇಳುವುದಿಲ್ಲ. ಒಂದೇ ಮಾತು ಹೇಳುತ್ತೇನೆ. ದುಡ್ಡು ತೆಗೆದುಕೊಂಡ ದಿನವೇ ಐದು ವರ್ಷದ ಜವಾಬು ಸಂದಾಯವಾಯಿತು. ಮುಂದೆ ಊರಿಗೆ ನೀರು ಬರದಿದ್ದಾಗ, ಆಸ್ಪತ್ರೆಯಲ್ಲಿ ಡಾಕ್ಟರು ಇಲ್ಲದಿದ್ದಾಗ ನೀವು ಯಾವ ಬಾಯಲ್ಲಿ ಕೇಳುತ್ತೀರಿ? ‘ಅವತ್ತೇ ಕೊಟ್ಟೆನಲ್ಲ’ ಅಂದರೆ ನಿಮ್ಮ ಹತ್ತಿರ ಏನು ಉಳಿಯಿತು? ಮಾರಿದ್ದು ಓಟನ್ನಲ್ಲ, ಕೇಳುವ ಬಾಯನ್ನು.

ಈಗ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಹೇಳದೆ ಹೋದರೆ ಈ ಪತ್ರಕ್ಕೆ ಅರ್ಥವಿರುವುದಿಲ್ಲ.

ನಾನು ಕೆಲಸ ಮಾಡುತ್ತಿದ್ದ ಊರೊಂದರಲ್ಲಿ ಮಕ್ಕಳ ಗ್ರಾಮಸಭೆ ಏರ್ಪಾಡಾಗಿತ್ತು. ಪಂಚಾಯಿತಿಯವರು ಬಂದು ಮಕ್ಕಳ ಕಷ್ಟಸುಖ ಕೇಳುವ ಸಭೆ ಅದು. ಹಿಂದಿನ ದಿನ ನಾನು ಮಕ್ಕಳನ್ನು ಕೂರಿಸಿಕೊಂಡು ತಯಾರಿ ಮಾಡಿಸಿದೆ. ಇವಳು ಪ್ರಾರ್ಥನೆ, ಇವನು ಸ್ವಾಗತ, ಇವರಿಬ್ಬರು ಆಟದ ಸಾಮಾನು ಬೇಕು ಎಂದು ಕೇಳುವುದು, ಕೊನೆಗೆ ವಂದನಾರ್ಪಣೆ. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಕೈ ಎತ್ತಿ, “ಮಿಸ್, ಟಾಯ್ಲೆಟ್ಟಿಗೆ ನೀರಿಲ್ಲ ಅಂತ ಕೇಳಲಾ?” ಅಂದಳು. ನಮ್ಮ ಶಾಲೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ಗೋಡೆಯಿತ್ತು, ಬಾಗಿಲಿತ್ತು, ಕೆಲಸ ಮುಗಿದಿದೆ ಎಂಬ ಬರಹವೂ ಇತ್ತು. ನಲ್ಲಿಯಲ್ಲಿ ಮಾತ್ರ ಒಂದು ಹನಿ ನೀರು ಬಂದಿರಲಿಲ್ಲ. “ಬಂದವರ ಮುಂದೆ ಅದೆಲ್ಲ ಬೇಡಮ್ಮ, ಶಾಲೆಗೆ ಕೆಟ್ಟ ಹೆಸರು” ಎಂದು ಅವಳನ್ನು ಕೂರಿಸಿದೆ. ಮೂಲಭೂತ ಹಕ್ಕಿನ ಪಾಠವನ್ನು ಅದೇ ತಿಂಗಳು ಅದೇ ಮಕ್ಕಳಿಗೆ ಮಾಡಿದ್ದವಳು ನಾನು.

ಸಭೆಯ ದಿನ ಎಲ್ಲ ನಾನು ಹೇಳಿಕೊಟ್ಟ ಹಾಗೆಯೇ ನಡೆಯಿತು. ವಂದನಾರ್ಪಣೆಗೆ ಹುಡುಗ ಏಳಬೇಕು, ಅಷ್ಟರಲ್ಲಿ ಆ ಹುಡುಗಿ ಎದ್ದು ನಿಂತಳು. ಕೈಯಲ್ಲಿ ಚೀಟಿ ಇರಲಿಲ್ಲ. ಧ್ವನಿ ನಡುಗುತ್ತಿತ್ತು. “ಸಾರ್, ನಾವು ತಿಂಗಳಲ್ಲಿ ನಾಕು ದಿನ ಸ್ಕೂಲಿಗೆ ಬರಲ್ಲ. ಟಾಯ್ಲೆಟ್ಟಲ್ಲಿ ನೀರಿಲ್ಲ ಅದಕ್ಕೆ. ನೀರು ಯಾವಾಗ ಬರುತ್ತೆ ಹೇಳಿ” ಅಂದಳು.

ಇಡೀ ಸಭೆ ಸ್ತಬ್ಧವಾಯಿತು. ಹುಡುಗಿಯರೆಲ್ಲ ತಲೆ ತಗ್ಗಿಸಿದ್ದರು. ಎದುರಿಗೆ ಕೂತ ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಅವಳ ಕಡೆ ಕಣ್ಣು ಬಿಡುವುದರಲ್ಲಿದ್ದೆ, ಅಷ್ಟರಲ್ಲಿ ಸದಸ್ಯೆಯಾಗಿದ್ದ ಒಬ್ಬ ಹೆಣ್ಣುಮಗಳು, ‘ಇದನ್ನ ಮೊದಲು ಬರ್ಕೊಳ್ಳಿ’ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಕಡೆ ತಿರುಗಿದರು. ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು. ಬರೆದ ಮೇಲೆ ಅದಕ್ಕೆ ತಾರೀಖು ಬಿತ್ತು, ಸಹಿ ಬಿತ್ತು. ಮುಂದಿನ ಸಭೆಯಲ್ಲಿ ‘ಏನಾಯಿತು’ ಎಂದು ಓದಿ ಹೇಳಲೇಬೇಕಾಯಿತು. ಎರಡು ತಿಂಗಳಲ್ಲಿ ಪೈಪು ಬಂತು, ನೀರೂ ಬಂತು. ಅವತ್ತು ಆ ನಲ್ಲಿಯ ಸದ್ದು ಕೇಳಿ ಸ್ಟಾಫ್ ರೂಮಿನಲ್ಲಿ ಕೂತು ಅತ್ತಿದ್ದೇನೆ. ನಾಚಿಕೆಯಿಂದಲೂ, ಸಂತೋಷದಿಂದಲೂ.

ಶಾಲೆಯ ಹೆಸರು ಕೆಡುತ್ತದೆ ಎಂದು ನಾನು ಹೆದರಿದ್ದೆ. ಶಾಲೆಯನ್ನು ಹೆಚ್ಚು ಪ್ರೀತಿಸಿದವರು ಯಾರು, ನಾನೋ ಅವಳೋ? ಈ ಪ್ರಶ್ನೆಯನ್ನು ದೇಶಕ್ಕೂ ಹಾಕಿ ನೋಡಿ. ದೇಶದಲ್ಲಿ ಏನೋ ಸರಿಯಿಲ್ಲ ಎಂದು ಯಾರಾದರೂ ಹೇಳಿದ ಕೂಡಲೇ ‘ದೇಶಕ್ಕೆ ಕೆಟ್ಟ ಹೆಸರು’ ಎಂದು ಮೇಲೆ ಬೀಳುವವರು ಈಗ ಬಹಳ. ಅಂಥವರನ್ನು ಕಂಡಾಗ ನನಗೆ ನಾನೇ ಕಾಣುತ್ತೇನೆ, ಆ ಹುಡುಗಿಯನ್ನು ಕೂರಿಸಿದ ನಾನು. ಮನೆಯ ಸೂರು ಸೋರುತ್ತಿದೆ ಎಂದು ಹೇಳುವ ಮಗ ಮನೆಯ ವೈರಿಯಲ್ಲ. ಅವನಿಗೆ ಆ ಮನೆಯಲ್ಲೇ ಬಾಳಬೇಕಾಗಿದೆ, ಅದಕ್ಕೇ ಹೇಳುತ್ತಾನೆ.

ಸಂವಿಧಾನದ 51ಎ ವಿಧಿಯಲ್ಲಿ ನಮ್ಮ ಮೂಲಭೂತ ಕರ್ತವ್ಯಗಳಿವೆ. ಮೊದಲು ಹತ್ತು ಇದ್ದವು, 2002ರಲ್ಲಿ ಹನ್ನೊಂದನೆಯದು ಸೇರಿತು. ಧ್ವಜಕ್ಕೆ ರಾಷ್ಟ್ರಗೀತೆಗೆ ಗೌರವ ಕೊಡುವುದು ಅದರ ಮೊದಲನೆಯ ಕರ್ತವ್ಯದಲ್ಲೇ ಬರುತ್ತದೆ, ಎಲ್ಲರಿಗೂ ನೆನಪಿರುತ್ತದೆ. ಅದೇ ಪಟ್ಟಿಯಲ್ಲಿ ವೈಜ್ಞಾನಿಕ ಮನೋಭಾವ, ಮಾನವೀಯತೆಯ ಜೊತೆಗೆ ಪ್ರಶ್ನಿಸಿ ತಿಳಿಯುವ ಗುಣವನ್ನು ಬೆಳೆಸಿಕೊಳ್ಳುವುದೂ ಕರ್ತವ್ಯ ಎಂದಿದೆ. ಧರ್ಮ, ಭಾಷೆ, ಪ್ರಾಂತ್ಯಗಳ ಭೇದ ಮೀರಿ ಸೋದರಭಾವ ಬೆಳೆಸುವುದೂ ಹೆಣ್ಣಿನ ಘನತೆಗೆ ಕುಂದು ತರುವ ಆಚರಣೆಗಳನ್ನು ಬಿಡುವುದೂ ಅಲ್ಲೇ ಇವೆ. ಪಕ್ಕದ ಬೀದಿಯವರ ದೇಶಭಕ್ತಿಯನ್ನು ಪರೀಕ್ಷೆ ಮಾಡಬೇಕು ಎಂದು ಆ ಪಟ್ಟಿಯಲ್ಲಿ ಎಲ್ಲೂ ಬರೆದಿಲ್ಲ. ಪ್ರಶ್ನೆ ಕೇಳುವುದು ಹಕ್ಕು ಎಂದು ನಾನು ಪಾಠ ಮಾಡುತ್ತಿದ್ದೆ. ಅದು ಕರ್ತವ್ಯವೂ ಹೌದು ಮಕ್ಕಳೇ, ಬಾವುಟಕ್ಕೆ ನಿಲ್ಲುವುದು ಎಷ್ಟು ಕರ್ತವ್ಯವೋ ಅಷ್ಟೇ.

ಈ ಕರ್ತವ್ಯಗಳು ಸಂವಿಧಾನಕ್ಕೆ ಸೇರಿದ್ದು 1976ರಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ, ಎಂಬುದನ್ನೂ ನೀವು ತಿಳಿದಿರಬೇಕು. ನನಗಾಗ ನಿಮಗಿಂತ ಸ್ವಲ್ಪ ಚಿಕ್ಕ ವಯಸ್ಸು. ದೊಡ್ಡವರು ರೇಡಿಯೋ ಹತ್ತಿರ ಕೂತು ಪಿಸುಗುಟ್ಟುತ್ತಿದ್ದುದು ನೆನಪಿದೆ. ಪತ್ರಿಕೆಗಳು ಬರೆಯುವಂತಿರಲಿಲ್ಲ, ಕೇಳಿದವರು ಜೈಲಿನಲ್ಲಿದ್ದರು. ‘ಸಂಸ್ಕಾರ’ ಸಿನಿಮಾದಲ್ಲಿ ಪಾತ್ರ ಮಾಡಿದ್ದ ಸ್ನೇಹಲತಾ ರೆಡ್ಡಿಯವರನ್ನು ವಿಚಾರಣೆಯಿಲ್ಲದೆ ಬೆಂಗಳೂರಿನ ಜೈಲಿನಲ್ಲಿಟ್ಟರು. ಆಸ್ತಮಾದಿಂದ ನರಳಿದ ಅವರು 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಕರ್ತವ್ಯವನ್ನು ಬೋಧಿಸುತ್ತಾ ಬಾಯಿಗೆ ಬೀಗ ಹಾಕಿದರೆ ಅದು ಜವಾಬ್ದಾರಿಯಾಗುವುದಿಲ್ಲ, ಊಳಿಗವಾಗುತ್ತದೆ. ಆ ವರ್ಷದ ಮಾರ್ಚ್‌ನಲ್ಲಿ ದೇಶದ ಜನ ಸರ್ಕಾರವನ್ನು ಬದಲಿಸಿದರು. ಕೋಲು ಕತ್ತಿ ಹಿಡಿದಲ್ಲ, ಶಾಯಿ ಹಚ್ಚಿಸಿಕೊಂಡ ಬೆರಳಿನಿಂದ.

ಅಂಬೇಡ್ಕರರು ಇಂಥ ಅಪಾಯವನ್ನು ಮುಂಚೆಯೇ ಕಂಡಿದ್ದರು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತಾಡುತ್ತಾ ಅವರು ಭಕ್ತಿಯ ಬಗ್ಗೆ ಎಚ್ಚರಿಕೆ ಕೊಟ್ಟರು. ಧರ್ಮದಲ್ಲಿ ಭಕ್ತಿ ಆತ್ಮಕ್ಕೆ ದಾರಿ ತೋರಬಹುದು, ರಾಜಕೀಯದಲ್ಲಿ ವ್ಯಕ್ತಿಯೊಬ್ಬನ ಮೇಲಿನ ಭಕ್ತಿ ಸರ್ವಾಧಿಕಾರಕ್ಕೆ ಒಯ್ಯುತ್ತದೆ ಎಂಬುದು ಅವರ ಮಾತಿನ ತಾತ್ಪರ್ಯ. ದೇಶಭಕ್ತಿ ಎನ್ನುವಾಗ ಭಕ್ತಿ ಸಲ್ಲಬೇಕಾದದ್ದು ದೇಶಕ್ಕೆ, ದೇಶ ಅಂದರೆ ಇಲ್ಲಿಯ ಜನಕ್ಕೆ. ನಿಮಗೆ ಇಷ್ಟವಾದ ನಾಯಕರಿಗೆ ಓಟು ಹಾಕಿ, ಅದು ನಿಮ್ಮ ಸ್ವಾತಂತ್ರ್ಯ. ಹಾಕಿದ ಮೇಲೆ ಮೊದಲು ಜವಾಬು ಕೇಳಬೇಕಾದದ್ದು ಅವರನ್ನೇ.

ಇಷ್ಟು ಹೊತ್ತು ಕೇಳುವುದರ ಬಗ್ಗೆ ಹೇಳಿದೆ. ಜವಾಬು ಕೊಡುವುದು ನಮ್ಮ ತಲೆಯ ಮೇಲೂ ಇದೆ.

ನಾವು ವಿಶ್ವೇಶ್ವರಯ್ಯ ನಾಲೆಯ (ವಿ.ಸಿ. ನಾಲೆ) ನೀರು ಕುಡಿದು ಬೆಳೆದವರು, ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನ ಗದ್ದೆಯವನು ರಾತ್ರಿ ತೂಬು ತೆಗೆದು ಮುಚ್ಚದೆ ಮಲಗುತ್ತಾನೆ. ಅವನ ಗದ್ದೆಯಲ್ಲಿ ನೀರು ಬದು ಮೀರಿ ಹಳ್ಳಕ್ಕೆ ಹೋಗುತ್ತದೆ. ನಾಲೆಯ ಕೊನೇ ಭಾಗದವನು ಲಾಟೀನು ಹಿಡಿದು ಬೆಳಗಿನ ತನಕ ಕಾಲುವೆ ಏರಿಯ ಮೇಲೆ ಕೂತಿರುತ್ತಾನೆ, ಅವನ ಪೈರಿಗೆ ನೀರು ತಲುಪುವುದಿಲ್ಲ. ಮೇಲಿನವನನ್ನು ಕೇಳಿದರೆ ‘ನನ್ನ ಗದ್ದೆ, ನನ್ನಿಷ್ಟ’ ಅನ್ನುತ್ತಾನೆ. ಅವನ ಗದ್ದೆ ಅವನದು, ನಿಜ. ನೀರು ಅವನೊಬ್ಬನದಲ್ಲ. ಸ್ವಾತಂತ್ರ್ಯವೂ ನಾಲೆಯ ನೀರಿನ ಹಾಗೆ. ನನ್ನ ಪಾಲು ತೆಗೆದುಕೊಂಡು ತೂಬು ಮುಚ್ಚುವುದು ನನ್ನ ಜವಾಬ್ದಾರಿ. ಕೊನೇ ಗದ್ದೆಗೆ ನೀರು ಹೋಯಿತೇ ಎಂದು ನೋಡುವವನೇ ಒಳ್ಳೆಯ ನೀರುಗಂಟಿ. ಕಟ್ಟಕಡೆಯ ಮನೆಯವನಿಗೂ ಮಾತಾಡಲು, ಓಡಾಡಲು, ಪೂಜಿಸಲು, ಉಣ್ಣಲು ಅಷ್ಟೇ ಸ್ವಾತಂತ್ರ್ಯ ಸಿಕ್ಕಿತೇ ಎಂದು ನೋಡುವವನೇ ಒಳ್ಳೆಯ ನಾಗರಿಕ. ನಮ್ಮೂರಿನ ದೇವಸ್ಥಾನದ ಬಾಗಿಲಲ್ಲಿ, ಹೋಟೆಲಿನ ಲೋಟದಲ್ಲಿ, ಕೆರೆಯ ಸೋಪಾನದಲ್ಲಿ ಇವತ್ತಿಗೂ ಆ ಸ್ವಾತಂತ್ರ್ಯ ಎಲ್ಲರಿಗೂ ಸಿಕ್ಕಿದೆಯೇ? ನಿಮ್ಮ ಎದೆ ಮುಟ್ಟಿಕೊಂಡು ಜವಾಬು ಹೇಳಿ. ಆ ನಾಲೆಗೇ ಮದುವೆಮನೆಯ ಪ್ಲಾಸ್ಟಿಕ್ ಲೋಟಗಳನ್ನು ಮೂಟೆಗಟ್ಟಲೆ ಸುರಿಯುವುದಕ್ಕೂ ಯಾರಾದರೂ ಜವಾಬು ಹೇಳಬೇಕಲ್ಲ.

ನಿಮ್ಮಲ್ಲಿ ಅರ್ಧಕ್ಕರ್ಧ ಜನ ನಾಳೆ ಬೆಂಗಳೂರಿಗೆ ಹೋಗುತ್ತೀರಿ, ಕೆಲವರು ಕಡಲು ದಾಟುತ್ತೀರಿ. ಹೋಗಿ, ದುಡಿಯಿರಿ, ಮನೆಯವರ ಕಷ್ಟ ತೀರಿಸಿ. ಊರು ಬಿಟ್ಟವರೆಲ್ಲ ದೇಶ ಮರೆತವರು ಎಂದು ನಾನು ಹೇಳುವುದಿಲ್ಲ. ಎಲ್ಲಿದ್ದೀರೋ ಅಲ್ಲಿ ನಿಮ್ಮ ಹೆಸರು ಪಟ್ಟಿಯಲ್ಲಿರಲಿ, ಅಲ್ಲಿಯ ವಾರ್ಡಿನಲ್ಲಿ ನಿಮ್ಮ ಮಾತು ಇರಲಿ.

ಕೊನೆಗೆ ಮೂರು ಕೆಲಸ ಹೇಳುತ್ತೇನೆ. ಟೀಚರು ಹೋಂವರ್ಕ್ ಕೊಡದೆ ಬಿಡುವುದಿಲ್ಲ ಎಂದು ನಿಮಗೆ ಗೊತ್ತು.

ನಿಮ್ಮ ಗೆಳೆಯ ಗೆಳತಿಯರಲ್ಲಿ ಇನ್ನೂ ನಮೂನೆ 6 ತುಂಬದವರನ್ನು ಹುಡುಕಿ. ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಒಂದನೇ ತಾರೀಖು. ಹದಿನೇಳು ತುಂಬಿದವರು ಮುಂಗಡವಾಗಿಯೇ ಅರ್ಜಿ ಕೊಡಬಹುದು. ಮದುವೆಯಾಗಿ ಹೋದ ಹುಡುಗಿಯರ ಹೆಸರು ತವರಿನ ಪಟ್ಟಿಯಲ್ಲೂ ಇಲ್ಲದೆ, ಗಂಡನ ಊರಿನ ಪಟ್ಟಿಯಲ್ಲೂ ಇಲ್ಲದೆ ನಡುವೆ ಕಳೆದುಹೋಗುತ್ತದೆ, ಅದನ್ನು ವಿಶೇಷವಾಗಿ ನೋಡಿ.

ಮಾಹಿತಿ ಹಕ್ಕು ಕಾಯ್ದೆ 2005ರಿಂದ ಇದೆ. ಹತ್ತು ರೂಪಾಯಿ ಶುಲ್ಕ, ಒಂದು ಬಿಳಿಹಾಳೆ. ಮೂವತ್ತು ದಿನಗಳೊಳಗೆ ಸರ್ಕಾರ ನಿಮಗೆ ಉತ್ತರ ಕೊಡಬೇಕು ಎಂದು ಕಾನೂನೇ ಹೇಳುತ್ತದೆ. ಶಿವಪುರದಲ್ಲಿ ಜೈಲಿಗೆ ಹೋದವರು ಕನಸು ಕಂಡ ಜವಾಬು ಹತ್ತು ರೂಪಾಯಿಗೆ ನಿಮ್ಮ ಕೈಗೆ ಬಂದಿದೆ. ನಿಮ್ಮ ಊರಿನ ಒಂದೇ ಒಂದು ಕೆಲಸದ ಬಗ್ಗೆ, ಸಿಟ್ಟಿಲ್ಲದೆ, ಯಾರ ಮೇಲೂ ಹಗೆಯಿಲ್ಲದೆ, ಒಂದು ಅರ್ಜಿ ಬರೆಯಿರಿ.

ಮೂರನೆಯದು ಗ್ರಾಮಸಭೆ. ಆರು ತಿಂಗಳಿಗೊಮ್ಮೆಯಾದರೂ ಅದು ಸೇರಲೇಬೇಕು. ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ಯಾರೂ ಕರೆಯಬೇಕಾಗಿಲ್ಲ. ನಮ್ಮೂರಿನಲ್ಲಿ ಅದಕ್ಕೆ ಬರುವವರು ನಾಲ್ಕೇ ಜನ, ಉಳಿದವರ ಸಹಿಗೆ ಪುಸ್ತಕವೇ ಮನೆಬಾಗಿಲಿಗೆ ಬರುತ್ತದೆ. ನಿವೃತ್ತಳಾದ ಮೇಲೆ ನಾನು ಒಂದನ್ನೂ ತಪ್ಪಿಸಿಲ್ಲ. ಆ ಒಂಬತ್ತನೇ ತರಗತಿಯ ಹುಡುಗಿಗೆ ನಾನು ತೀರಿಸುತ್ತಿರುವ ಋಣ ಅದು. ಅವಳ ಎದುರಿಗೆ ಕೂತು ಇದನ್ನು ಹೇಳಿಕೊಳ್ಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಈ ಪತ್ರ ಅವಳ ಕಣ್ಣಿಗೆ ಬಿದ್ದರೆ, ಕ್ಷಮಿಸು ಮಗಳೇ, ನೀನೇ ಸರಿ.

ಮುಂದಿನ ಗ್ರಾಮಸಭೆಯಲ್ಲಿ ಕಂಬದ ಪಕ್ಕದ ಕುರ್ಚಿಯಲ್ಲಿ ನಾನು ಕೂತಿರುತ್ತೇನೆ. ಹಾಜರಿ ಪುಸ್ತಕ ಬಂದಾಗ ನನ್ನ ಸಹಿಯ ಕೆಳಗಿನ ಗೆರೆಯನ್ನು ಖಾಲಿ ಬಿಟ್ಟು ಪಕ್ಕಕ್ಕೆ ಕೊಡುತ್ತೇನೆ. ಪೆನ್ನು ಕೆಳಗಿಟ್ಟು ಪ್ರಶ್ನೆ ಕೇಳಿದ ಆ ಹುಡುಗ ಬಂದು ಅಲ್ಲಿ ತನ್ನ ಹೆಸರು ಬರೆಯಲಿ. ಆ ಪ್ರಶ್ನೆಯನ್ನು ಈ ಸಲ ಎಲ್ಲರಿಗೂ ಕೇಳುವಂತೆ, ಎದ್ದು ನಿಂತು ಕೇಳಲಿ. ಪಕ್ಕದಲ್ಲಿ ನಾನು ಇರುತ್ತೇನೆ, ಕೂರು ಅನ್ನುವುದಿಲ್ಲ.

ನಿಮ್ಮೆಲ್ಲರಿಗೂ ಒಳ್ಳೆಯದಾಗಲಿ.

ಇಂತಿ,
ನಿಮ್ಮ ಸಮಾಜ ವಿಜ್ಞಾನದ ಮಿಸ್